ಆರೇ ತಿಂಗಳಿಗೆ ತುಕ್ಕು

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಅಂಗಡಿಯವನು ತೂಗುವಾಗ ತಕ್ಕಡಿಯನ್ನು ನೋಡುವವನಲ್ಲ ನಾನು, ಅವನ ಬೆರಳನ್ನು ನೋಡುವವನು. ಹಾಗಾಗಿ ಎರಡು ಸಾವಿರದ ನಾಲ್ಕರಲ್ಲೋ ಐದರಲ್ಲೋ, ತಾಳಮಲೆಯ ದಾರಿಯಲ್ಲಿ ನನ್ನ ಹಳೆಯ ಕಾರಿನ ಹಿಂಬದಿಯ ಪೆಟ್ರೋಲ್ ಟ್ಯಾಂಕು ಒಂದು ಕಡೆಗೆ ಜೋತುಬಿದ್ದಾಗ ಕಳ್ಳ ಯಾರೆಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಟ್ಯಾಂಕು ಹಿಡಿದಿದ್ದ ಬೋಲ್ಟು ತುಕ್ಕು ತಿಂದು ಮುರಿದಿತ್ತು. ಆರು ತಿಂಗಳ ಹಿಂದಷ್ಟೇ ತಾಳವಾಡಿಯ ಮೆಕ್ಯಾನಿಕ್ ಗಾಡಿಯ ಅಡಿಯ ನಟ್ಟು ಬೋಲ್ಟುಗಳನ್ನೆಲ್ಲ ಬದಲಾಯಿಸಿದ್ದ. ಹೊಸ ಬೋಲ್ಟು ಆರು ತಿಂಗಳಿಗೆ ಹೀಗೆ ಪುಡಿಯಾಗುತ್ತದೆಯೇ? ಹಳೆಯದನ್ನೇ ಸೀಮೆಎಣ್ಣೆಯಲ್ಲಿ ಉಜ್ಜಿ ಮತ್ತೆ ಹಾಕಿದ್ದಾನೆ, ಅಷ್ಟೇ.

ಟ್ಯಾಂಕನ್ನು ಹಗ್ಗದಲ್ಲಿ ಬಿಗಿದುಕೊಂಡು ಬಂದವನು ಸುಮ್ಮನೆ ಮನೆಗೆ ಹೋಗಬಹುದಿತ್ತು. ಟೀ ಅಂಗಡಿಯಲ್ಲಿ ಕುಳಿತು ಎಲ್ಲರೆದುರು ಹೇಳಿದೆ. ನನ್ನ ಚಿಕ್ಕಪ್ಪನೂ ಅಲ್ಲಿದ್ದರು. ಮುಂದಿನ ವಾರವೇ ಅವರ ಟ್ರ್ಯಾಕ್ಟರು ರಿಪೇರಿಗೆಂದು ರಾಜ್ಯದ ಗಡಿ ದಾಟಿ ಚಾಮರಾಜನಗರಕ್ಕೆ ಹೋಯಿತು, ಅದರ ಹಿಂದೆ ಇನ್ನೂ ಎರಡು ಹೋದವು. ಮೆಕ್ಯಾನಿಕ್ಕಿಗೆ ಇದ್ದದ್ದು ಒಂದು ತಗಡಿನ ಶೆಡ್ಡು, ಒಂದು ಒಳ್ಳೆಯ ಹೆಸರು. ಹೆಸರು ಹೋದರೆ ಶೆಡ್ಡು ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಒಳಗೊಳಗೇ ಖುಷಿಪಟ್ಟೆ, ಸುಳ್ಳೇಕೆ ಹೇಳಲಿ.

ಅಷ್ಟಕ್ಕೂ ಬಿಡಲಿಲ್ಲ. ಅವನನ್ನು ಕಣ್ಣೆದುರೇ ಹಿಡಿಯಬೇಕೆಂದು ನಾನೇ ಹೊಸ ಬೋಲ್ಟುಗಳನ್ನು ಕೊಂಡು ತಂದೆ. ಒಂದೊಂದರ ತಲೆಗೂ ಹೆಂಡತಿಯ ಉಗುರುಬಣ್ಣದ ಚುಕ್ಕಿ ಇಟ್ಟು ಅವನ ಶೆಡ್ಡಿಗೇ ಹೋದೆ. ಸ್ಟೂಲು ಎಳೆದುಕೊಂಡು ಕಾರಿನ ಪಕ್ಕದಲ್ಲೇ ಕುಳಿತೆ.

"ಇದೇನಣ್ಣ, ಬೋಲ್ಟ್‌ಗೆ ಬೊಟ್ಟಿಟ್ಟಿದ್ದೀಯ?" ಎಂದ.

"ಗುರ್ತಿಗೆ" ಎಂದೆ.

ಅವನ ಮುಖ ಇಳಿಯಿತು. ಗಾಡಿಯ ಅಡಿ ಅಂಗಾತ ಮಲಗಿದ. ಟ್ಯಾಂಕಿನ ಇನ್ನೊಂದು ಬೋಲ್ಟಿನ ನಟ್ಟು ಜಗ್ಗಲಿಲ್ಲ. ಗರಗಸದ ಬ್ಲೇಡಿನಿಂದ ಕೊಯ್ಯತೊಡಗಿದಾಗ ತುಕ್ಕಿನ ಪುಡಿ ಅವನ ಬಾಯಿಗೇ ಉದುರಿತು. ಥೂ ಎಂದು ಉಗಿದವನು ಕೈ ನಿಲ್ಲಿಸಿದ. ಬೋಲ್ಟಿಗೆ ಬೆರಳು ಸವರಿ ನಾಲಿಗೆಗೆ ಇಟ್ಟುಕೊಂಡ.

"ಅಣ್ಣ, ಇದು ಉಪ್ಪು ಕಣಣ್ಣ. ಡಿಕ್ಕೀಲಿ ಏನ್ ಮಡಗಿದ್ದೀಯ?"

ಡಿಕ್ಕಿಯಲ್ಲಿದ್ದದ್ದು ದನಗಳ ಕಲ್ಲುಪ್ಪಿನ ಮೂಟೆ. ನಮ್ಮ ಕಡೆ ಉಪ್ಪಿನ ವಾಸನೆ ಹಿಡಿದು ಬರುವ ಆನೆ ಕೊಟ್ಟಿಗೆಯ ಗೋಡೆಯನ್ನೇ ನೂಕಿಬಿಡುತ್ತದೆ. ಪಕ್ಕದ ಹೊಲದವರ ಗೋಡೆ ಬಿದ್ದ ಮೇಲೆ ನಾನು ಯಾರಿಗೂ ಹೇಳದೆ ಮೂಟೆಯನ್ನು ಊರೊಳಗೆ ನಿಲ್ಲುವ ಕಾರಿಗೆ ಸಾಗಿಸಿ ಬೀಗ ಹಾಕಿದ್ದೆ. ಆನೆಗೂ ಸಿಗಬಾರದು, ನೆರೆಯವರಿಗೂ ಕಾಣಬಾರದು! ಮಂಜಿಗೆ ನೀರೊಡೆದ ಉಪ್ಪು ಡಿಕ್ಕಿಯ ತೂತುಗಳಲ್ಲಿ ಕೆಳಗಿನ ಟ್ಯಾಂಕಿನ ಬೋಲ್ಟುಗಳ ಮೇಲೆ ತಿಂಗಳುಗಟ್ಟಲೆ ಇಳಿದಿತ್ತು.

"ಮುಂದ್ಗಡೆ ಬೋಲ್ಟೂ ಅವತ್ತೇ ಆಕಿದ್ದು. ಬಗ್ಗಿ ನೋಡು" ಎಂದ.

ಬಗ್ಗಿ ನೋಡಿದೆ. ಹೊಸದಾಗಿಯೇ ಇದ್ದವು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ತಪ್ಪಾಯ್ತು ಕಣಪ್ಪ" ಎಂದೆ.

"ನಂಗ್ಯಾಕಣ್ಣ ಯೋಳ್ತೀಯ? ಟೀ ಅಂಗ್ಡೀಲಿ ಯೋಳು, ಓಗು."

ಕೆಲಸ ಮುಗಿದ ಕೂಡಲೇ ಹೋದೆ. ಉಪ್ಪು, ಆನೆ, ಉಗುರುಬಣ್ಣ ಯಾವುದನ್ನೂ ಮುಚ್ಚಿಡದೆ ಎಲ್ಲರೆದುರು ಹೇಳಿದೆ. ಚಿಕ್ಕಪ್ಪ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

"ಪುಕ್ಸಟ್ಟೆ ಮಾಡ್ಕೊಟ್ಬುಟ್ಟ ಅನ್ನು. ಅದ್ಕೇ ಈಗ ಅವನ ಪರ ಬಂದಿದ್ದೀಯ ಕಣ್ಲಾ."

ಎಲ್ಲರೂ ನಕ್ಕರು. ಶಿವನಾಣೆ ಇಟ್ಟೆ. ಆಣೆ ಇಟ್ಟಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಸಿಟ್ಟು ನೆತ್ತಿಗೇರಿದರೂ ಚಿಕ್ಕಪ್ಪನನ್ನು ಬೈಯಲು ಬಾಯಿ ಬರಲಿಲ್ಲ. ಅವರ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆ ಬೇಸಿಗೆಯಲ್ಲಿ ಮೆಕ್ಯಾನಿಕ್ ಶೆಡ್ಡಿನ ತಗಡು ಬಿಚ್ಚಿಕೊಂಡು ಘಟ್ಟ ಇಳಿದು ಸತ್ಯಮಂಗಲಕ್ಕೆ ಹೋದ.