ಮೇಜಿನ ಫೋನಿಗೆ ಮಾತ್ರ ಬಿದ್ದ ನೆರಳು

ಆಫೀಸಿನ ಕನ್ನಡದವರ ಬಳಗದಲ್ಲಿ ಈ ಕಥೆ ಹೀಗೆ ಓಡಾಡುತ್ತಿದೆ: ಕೊಚ್ಚಿ ಬಳಿಯ ಆಲುವದ ನಮ್ಮ ಬಾಡಿಗೆ ಮನೆಯಲ್ಲಿ ದೀಪ ತಾನಾಗಿ ಆರಿತು, ನಾನು ಕಿರುಚಿಕೊಂಡೆ, ಜೆಸಿಂತಾ ಮೂರ್ಛೆ ಹೋದಳು.

ಮೂರೂ ಸುಳ್ಳು. ದೀಪ ಆರಲೇ ಇಲ್ಲ. ಆರಿದ್ದರೆ ನಾನು ಇವತ್ತೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಆ ಕೋಣೆಯಲ್ಲಿ ನಿಂತು ನೋಡಿದವಳು ನಾನು. ಹಾಗಾಗಿ ನಾನೇ ಹೇಳುತ್ತೇನೆ.

ನನ್ನ ಜೊತೆ ಮನೆ ಹಂಚಿಕೊಂಡಿರುವ ಜೆಸಿಂತಾ ಕಾಸರಗೋಡಿನವಳು. ಮನೆಯವರೊಡನೆ ಜಗಳವಾಡಿ ಕೊಚ್ಚಿಯ ಕೆಲಸಕ್ಕೆ ಸೇರಿದವಳು. ಆ ರಾತ್ರಿ ಸೂಟ್‌ಕೇಸ್ ತುಂಬುತ್ತಿದ್ದಳು.

"ಬೆಳಿಗ್ಗೆ ಅಪ್ಪ ಕಾರು ತರ್ತಾರೆ. ಕೆಲಸವೂ ಬೇಡ, ಎಂತದೂ ಬೇಡ ಮಾರಾಯ್ತಿ. ನಡುಕೋಣೆಯಲ್ಲಿ ಓದ್ಲಿಕ್ಕೆ ಕೂತ್ರೆ ಪುಸ್ತಕದ ಮೇಲೆ ನೆರಳು ಬೀಳ್ತದೆ. ಹಿಂದಿನಿಂದ ಯಾರೋ ಬಗ್ಗಿ ನೋಡಿದ ಹಾಗೆ..."

"ಬೇರೆ ಮನೆ ಹುಡುಕೋಣ ಕಣೇ."

"ಅಮ್ಮನ ಹತ್ರ ಬಾಯಿಬಿಟ್ಟಾಯ್ತು. ಇನ್ನು ಒಬ್ಬಳನ್ನೇ ಎಲ್ಲಿಗೂ ಬಿಡ್ಲಿಕ್ಕಿಲ್ಲ."

ಒಂದು ನೆರಳಿಗೆ ಒಂದು ಕೆಲಸ ಬಲಿಯೇ? ತಿರುವನಂತಪುರದಲ್ಲಿರುವ ಮನೆ ಮಾಲೀಕರಿಗೆ ಫೋನ್ ಮಾಡಿದೆ. "ವೋಲ್ಟೇಜ್, ಮೋಳೇ... ವೋಲ್ಟೇಜ್," ಎಂದು, ಮಲಯಾಳದಲ್ಲಿ ಮಗಳೇ ಅಂತ ಕರೆದು, ನಕ್ಕು ಫೋನ್ ಇಟ್ಟುಬಿಟ್ಟರು.

"ಕೇಳಿದ್ಯಾ? ಈಗಲೇ ಪ್ರೂವ್ ಮಾಡ್ತೀನಿ. ನಾನು ಗೆದ್ರೆ ನೀನು ಇಲ್ಲೇ ಇರ್ಬೇಕು."

"ಸೋತ್ರೆ?"

"ಸೋತು ಅಭ್ಯಾಸ ಇಲ್ಲ."

"ಹೌದು, ಕಾಲೇಜಿನ ಮಕ್ಕಳ ಹತ್ರ ವಾದ ಮಾಡಿ ಕಪ್ ತಂದವಳು!"

ಫೋನಿನ ಮೇಲ್ತುದಿಯ ಸೆನ್ಸರ್‌ಗೆ ಬೀಳುವ ಬೆಳಕನ್ನು ಅಳೆದು ಅಂಕಿಯಲ್ಲಿ ತೋರಿಸುವ ಆ್ಯಪ್ ಒಂದಿದೆ. ಇಬ್ಬರ ಫೋನಿಗೂ ಅದನ್ನು ಹಾಕಿದೆ. ಅವಳ ಫೋನನ್ನು ಓದುವ ಮೇಜಿನ ಮೇಲಿಟ್ಟೆ, ನನ್ನದನ್ನು ಅದೇ ಕೋಣೆಯ ಗೋಡೆಯ ತೆರೆದ ಕಪಾಟಿನಲ್ಲಿ. ವೋಲ್ಟೇಜ್ ಇಳಿದರೆ ದೀಪ ಮಂಕಾಗುತ್ತದೆ, ಎರಡೂ ಕಡೆ ಅಂಕಿ ಇಳಿಯುತ್ತದೆ. ವಾದ ಮುಗಿಯಿತು.

ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಇಬ್ಬರೂ ಗೋಡೆಗೆ ಬೆನ್ನು ಒತ್ತಿ ನಿಂತೆವು. ಅಂಕಿಗಳು ದೊಡ್ಡವು, ಅಲ್ಲಿಂದಲೇ ಕಾಣುತ್ತಿದ್ದವು. ದೂರದಲ್ಲಿ ಮೆಟ್ರೋ ಸದ್ದು ಬಂದು ಅಡಗಿತು. ಆಮೇಲೆ ನಮ್ಮ ಉಸಿರು ಮಾತ್ರ...

ಮೇಜಿನ ಫೋನಿನಲ್ಲಿ ನೂರ ನಲವತ್ತು ಇತ್ತು. ನೂರ ಹತ್ತಾಯಿತು... ಎಂಬತ್ತು... ಅರವತ್ತು.

ಕಪಾಟಿನ ಫೋನಿನ ಅಂಕಿ ಅಲುಗಲಿಲ್ಲ. ತಲೆಯ ಮೇಲಿನ ದೀಪ ಒಂದಿಷ್ಟೂ ಮಂಕಾಗಿರಲಿಲ್ಲ.

"ನಿನ್ನ ಫೋನ್ ಕೆಟ್ಟಿದೆ," ಎಂದೆ. ಎರಡನ್ನೂ ಅದಲುಬದಲು ಮಾಡಲು ಹೋದೆ. ಮೇಜಿನ ಮೇಲೆ ಕೈ ಚಾಚಿದಾಗ ಗಾಳಿ ಬೆಚ್ಚಗಿತ್ತು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆ... ತೀರಾ ಹತ್ತಿರದಲ್ಲಿ. ನಾವಿಬ್ಬರೂ ಎಣ್ಣೆ ಹಚ್ಚುವವರಲ್ಲ.

ಈಗ ಮೇಜಿನ ಮೇಲಿದ್ದ ನನ್ನ ಫೋನ್ ಅರವತ್ತು ತೋರಿಸಿತು. ಕಪಾಟಿಗೆ ಹೋದ ಅವಳ ಫೋನ್ ಸ್ಥಿರವಾಗಿತ್ತು.

"ನಾನು ಹೇಳ್ಲಿಲ್ವಾ..." ಜೆಸಿಂತಾಳ ದನಿ ಪಿಸುಗುಟ್ಟಿತು.

ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಎದುರಾಳಿ ಮುಖವನ್ನೂ ತೋರಿಸದೆ ಗೆಲ್ಲುವುದೆಂದರೇನು?

"ಯಾರಾದ್ರೂ ಆಗಿರಿ, ಬೆಳಕಿಗೆ ಅಡ್ಡ ನಿಲ್ಲಬೇಡಿ! ಅವಳು ಓದ್ಬೇಕು. ಆಚೆ ಸರೀರಿ!"

ಅಂಕಿ ಏರಿತು. ಎಂಬತ್ತು... ನೂರ ಹತ್ತು... ನೂರ ನಲವತ್ತು.

ಆಮೇಲೆ ಜೆಸಿಂತಾ ನಕ್ಕಳು.

"ಇಷ್ಟೇನಾ? ಇದನ್ನು ನಾನೇ ಹೇಳ್ಬಹುದಿತ್ತಲ್ವಾ!"

ಬೆಳಿಗ್ಗೆ ಬಂದ ಅಪ್ಪನಿಗೆ ಪುಟ್ಟು, ಕಡಲೆ ಬಡಿಸಿ, ಹೇಗೋ ಒಪ್ಪಿಸಿ ವಾಪಸ್ ಕಳಿಸಿದಳು. ಈಗ ದಿನಾ ರಾತ್ರಿ ಅದೇ ಮೇಜಿನಲ್ಲಿ ಓದುತ್ತಾಳೆ. ನಡುನಡುವೆ, ತಲೆ ಎತ್ತದೆ, "ಸ್ವಲ್ಪ ಆಚೆ ನಿಲ್ಲಿ," ಎನ್ನುತ್ತಾಳೆ.

ದೆವ್ವ ಎಂದು ನಾನು ಇವತ್ತಿಗೂ ಒಪ್ಪಿಲ್ಲ. ಒಪ್ಪಿಸಬೇಕೆನ್ನುವವರು ಸಾಕ್ಷಿ ತನ್ನಿ. ನೆರಳು ಬಿತ್ತು ಎಂದು ಮಾತ್ರ ಫೋನ್ ಹೇಳಿತು, ಯಾರದೆಂದು ಹೇಳಲಿಲ್ಲ. ಆದರೆ ನನ್ನ ಕೋಣೆಯ ಬಾಗಿಲು ಆ ನಡುಕೋಣೆಗೇ ತೆರೆದುಕೊಳ್ಳುತ್ತದೆ. ನಿನ್ನೆ ರಾತ್ರಿ ಹೊಸ್ತಿಲಲ್ಲಿ ನಿಂತು ಅವಳನ್ನು ಒಂದು ಪ್ರಶ್ನೆ ಕೇಳಿದೆ. ಅವಳು ಪುಟ ತಿರುಗಿಸಿದಳು, ಅಷ್ಟೇ.

"ಜೆಸಿಂತಾ, ಆಚೆ ನಿಲ್ಲಿ ಅಂತೀಯಲ್ಲ... ಸರಿದು ಎಲ್ಲಿ ನಿಂತ್ಕೋತಾರೆ ಅವರು?"