ಕುಸುಮಕ್ಕ ಅತ್ತ ಸೀನು

ಆಗೆಲ್ಲ ಹೊಸ ಸಿನಿಮಾ ಹೇಗಿದೆ ಎಂದು ತಿಳಿಯಲು ಮದ್ದೂರಿನ ನಮ್ಮ ಬೀದಿಯವರು ಪೇಪರ್ ಬಿಡಿಸುತ್ತಿರಲಿಲ್ಲ, ಜವರಣ್ಣನ ಮುಖ ನೋಡುತ್ತಿದ್ದರು. ಗೊಬ್ಬರದಂಗಡಿಯ ಜವರಣ್ಣ ಶುಕ್ರವಾರದ ಮೊದಲ ಆಟ ನೋಡಿಕೊಂಡು ಬಂದು, ಜಗಲಿಯ ಮೇಲೆ ಕೂತು, ಚಪ್ಪಲಿ ಬಿಡುವ ಮೊದಲೇ ತೀರ್ಪು ಕೊಡುತ್ತಿದ್ದ. ಮೆಚ್ಚಿಗೆಯಾದರೆ "ಕುಂತಿದ್ದೆ" ಎನ್ನುತ್ತಿದ್ದ, ಅಷ್ಟೇ. ಮೆಚ್ಚದಿದ್ದರೆ ಮಾತ್ರ ಅವನ ಮಾತಿಗೆ ಕಾಲು ಬರುತ್ತಿತ್ತು.

"ಈರೋಯಿನ್ನು ಮೂರೊತ್ತೂ ಜ್ವರ ಬಂದೋಳಂಗೆ ಅವ್ಳೆ ಕಣ್ಲಾ. ಇಂಟ್ರವಲ್‌ನಲ್ಲಿ ಕೊಟ್ಟ ಬೋಂಡ ವಸಿ ಪರ್ವಾಗಿಲ್ಲ, ಅದ್ಕೇ ಕೊಡ್ಬೇಕು ದುಡ್ಡ."

ನಲ್ಲಿಯ ಹತ್ತಿರ ಪಾತ್ರೆ ತೊಳೆಯುವ ಹೆಂಗಸರು ಬೂದಿಗೈಯನ್ನು ಸೆರಗಿಗೆ ತಾಗಿಸದಂತೆ ಮೊಣಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಹೊಗಳುವುದು ನಮ್ಮ ಕಡೆ ಅಪಾಯದ ಕೆಲಸ. ತೊಟ್ಟಿಲಿನಲ್ಲಿ ಮಗು ಮುದ್ದಾಗಿದ್ದಷ್ಟೂ "ಥೂ, ಕಪ್ಪೆಮರಿ ಇದ್ದಂಗದೆ" ಎನ್ನಬೇಕು, ಆಗ ಬಾಣಂತಿಗೆ ಸಮಾಧಾನ. ಚೆನ್ನಾಗಿದೆ ಎಂದು ಬಾಯಿಬಿಟ್ಟರೆ ದೃಷ್ಟಿ ತಾಗುತ್ತದೆ. ನಾನೋ ಕಾನ್ವೆಂಟಿಗೆ ಹೋಗುತ್ತಿದ್ದವಳು. ಅಲ್ಲಿ ಸಿಸ್ಟರು ಗೆರೆ ದಾಟಿ ಬಣ್ಣ ಬಳಿದ ಚಿತ್ರಕ್ಕೂ "ವೆರಿ ಗುಡ್" ಎಂದು ಕೆನ್ನೆ ತಟ್ಟುತ್ತಿದ್ದರು. ಬೆಳಿಗ್ಗೆ ಒಂದು ನ್ಯಾಯ, ಸಂಜೆ ಒಂದು ನ್ಯಾಯ.

ನಮ್ಮ ಎದುರು ಮನೆಯ ಕುಸುಮಕ್ಕ ಮಂಡ್ಯದ ಕಾಲೇಜಿನಲ್ಲಿ ನಾಟಕ ಮಾಡುತ್ತಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಮಾತುಗಳನ್ನು ಒಪ್ಪಿಸುತ್ತಿದ್ದಳು. ಎದುರಿಗೆ ಕೂತ ನಾನು ಒಮ್ಮೆ ಅವಳ ಗಂಡ, ಒಮ್ಮೆ ಅತ್ತೆ, ಒಮ್ಮೆ ಯಮ. ಅವಳ ತಲೆಗೂದಲಿಂದ ಸೀಗೆಪುಡಿಯ ವಾಸನೆ ಬರುತ್ತಿತ್ತು. ಬೆಸಗರಹಳ್ಳಿ ಕಡೆ ನಾಲೆಯ ಏರಿಯ ಮೇಲೆ ಯಾವುದೋ ಸಿನಿಮಾದ ಶೂಟಿಂಗ್ ನಡೆದಾಗ ಅವಳ ನಾಟಕ ನೋಡಿದ್ದ ಡೈರೆಕ್ಟರು ಒಂದು ಸಣ್ಣ ಪಾತ್ರಕ್ಕೆ ಕರೆದರು. ಅಣ್ಣನ ಹೆಣದ ಮುಂದೆ ಅಳುವ ತಂಗಿ. ಊರು ಹತ್ತಿರ, ಜೊತೆಗೆ ಸೋದರತ್ತೆ ಇರುತ್ತಾಳೆ ಎಂದು ಅವಳ ಅಪ್ಪ ಪುಟ್ಟಸ್ವಾಮಿ ಮಾವ ಒಪ್ಪಿದರು.

ಸಿನಿಮಾ ಟಾಕೀಸಿಗೆ ಬಂತು. ಹೆಂಗಸರು ಹೊರಡುವುದರೊಳಗೆ ಎತ್ತಂಗಡಿಯೂ ಆಯಿತು. ನಮ್ಮ ಬೀದಿಯಿಂದ ನೋಡಿದವನು ಜವರಣ್ಣ ಒಬ್ಬನೇ, ಅವನೂ ಇಂಟ್ರವಲ್‌ಗೇ ಎದ್ದು ಬಂದಿದ್ದ. ಕುಸುಮಕ್ಕನ ಸೀನು ಇದ್ದದ್ದು ಆಮೇಲೆ.

ಅಷ್ಟಾದರೂ ಆ ಡೈರೆಕ್ಟರು ಮುಂದಿನ ಸಿನಿಮಾಕ್ಕೆ ಹೇಳಿ ಕಳಿಸಿದರು, ಈ ಸಲ ದೊಡ್ಡ ಪಾತ್ರ. ಅದೇ ವಾರ ಮಳವಳ್ಳಿಯಿಂದ ಸಂಬಂಧವೂ ಕೇಳಿ ಬಂತು. ಕುಸುಮಕ್ಕ ಊಟ ಬಿಟ್ಟು ಕೂತಳು. ಪುಟ್ಟಸ್ವಾಮಿ ಮಾವ ಗದರುವವರಲ್ಲ, ಮೆಲ್ಲಗೆ ಮಾತಾಡುವವರು. ಜಗಲಿಗೆ ಬಂದು ಎಲ್ಲರೆದುರು ಮೆಲ್ಲಗೇ ಹೇಳಿದರು:

"ಸಿ.ಡಿ. ಬಂದದಂತೆ. ತಂದು ಆಕ್ಸ್ತೀನಿ. ಬೀದಿಯೋರು ನೋಡಿ ಒಪ್ಪುದ್ರೆ ಕಳುಸ್ತೀನಿ. ಇಲ್ದಿದ್ರೆ ಮಳವಳ್ಳಿಯೋರ್ಗೆ ಮಾತು ಕೊಡ್ತೀನಿ. ಬೀದಿ ಏಳ್ದಂಗೆ ಕಣ್ರಪ್ಪ."

ಕುಸುಮಕ್ಕನ ಮುಖ ಅರಳಿದ್ದು ನನಗೆ ನೆನಪಿದೆ. ತನ್ನ ಬೀದಿಯವರಲ್ಲವೇ ಎಂಬ ಧೈರ್ಯ.

ಭಾನುವಾರ ಮಧ್ಯಾಹ್ನ ಕುಸುಮಕ್ಕನ ಮನೆಗೆ ಬಾಡಿಗೆಯ ಪ್ಲೇಯರು ಬಂತು. ಬೆಳಕು ಬೀಳದಂತೆ ಕಿಟಕಿಗೆ ಹೊದಿಕೆ ಕಟ್ಟಿದರು. ಹಾಲಿನ ತುಂಬ ಜನ, ಕಡ್ಲೆಪುರಿಯ ಘಮ, ನಡುವೆ ಕುರ್ಚಿಯಲ್ಲಿ ರಿಮೋಟು ಹಿಡಿದ ಜವರಣ್ಣ. ಮೊದಲನೆಯ ಸಿ.ಡಿ. ಮುಗಿಯುವವರೆಗೂ ಅವನ ಬಾಯಿ ನಿಲ್ಲಲಿಲ್ಲ. "ಇವ್ನು ಈರೋನೋ, ಕರೆಂಟು ಕಂಬವೋ?" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡನೆಯ ಸಿ.ಡಿ.ಯಲ್ಲಿ ಕುಸುಮಕ್ಕ ಬಂದಳು. ಎದೆ ಬಡಿದುಕೊಳ್ಳಲಿಲ್ಲ, ಕೂಗಲಿಲ್ಲ. ಹೆಣದ ಕಾಲಿನ ಮೇಲಿಂದ ಜಾರಿದ ಬಟ್ಟೆಯನ್ನು, ಮಲಗಿದ ಮಗುವಿಗೆ ಹೊದಿಸುವಂತೆ, ಪಾದದ ಕೆಳಗೆ ಸೇರಿಸಿದಳು. ಆಮೇಲೆ ತುಟಿ ನಡುಗಿತು, ಅತ್ತಳು.

ಪುರಿ ಹಿಡಿದ ನಮ್ಮಜ್ಜಿಯ ಕೈ ಬಾಯಿಗೆ ಹೋಗದೆ ನಡುವೆಯೇ ನಿಂತಿತ್ತು. ಜವರಣ್ಣ ಕೂಡ ಸುಮ್ಮನಿದ್ದ. ಆ ಸಿನಿಮಾಕ್ಕೆ ಸಿಕ್ಕ ನಿಜವಾದ ವಿಮರ್ಶೆ ಅದೊಂದೇ. ಆದರೆ ಅದು ಕೇಳಿಸುವಂಥದ್ದಲ್ಲ.

"ಏನಂತೀರಿ?" ಎಂದರು ಪುಟ್ಟಸ್ವಾಮಿ ಮಾವ.

ನಾನು ಎದ್ದು ನಿಂತು, ಶಾಲೆಯಲ್ಲಿ ನಿಲ್ಲುವಂತೆಯೇ ನಿಂತು, "ಅಕ್ಕ ವೆರಿ ಗುಡ್. ಎಲ್ಲರಿಗಿಂತ ಅಕ್ಕನೇ ಚೆನ್ನಾಗಿ ಮಾಡಿದ್ದಾಳೆ" ಎಂದೆ.

"ಥೂ ಥೂ! ಬಾಯ್ಗೆ ಮಣ್ಣಾಕ!" ಅಜ್ಜಿ ನನ್ನ ಬೆನ್ನಿಗೊಂದು ಕೊಟ್ಟು, ಅಂಟಿದ ದೃಷ್ಟಿಯನ್ನು ಉಜ್ಜಿ ತೆಗೆಯುವ ಅವಸರದಲ್ಲಿ ಶುರು ಮಾಡಿದಳು. "ಏನ್ ಚೆಂದ ಅವ್ಳೆ? ಒಳ್ಳೆ ಒನಕೆಗೆ ಸೀರೆ ಸುತ್ತುದಂಗವ್ಳೆ."

"ಊಂ ಕಣಮ್ಮೋ, ಮೂಗ್ ನೋಡು, ಬದ್ನೆಕಾಯಿ" ಎಂದಳು ಪಕ್ಕದ ಮನೆಯ ಸಾಕಮ್ಮ. ಅವಳ ಕಣ್ಣು ಇನ್ನೂ ಒದ್ದೆಯಾಗಿಯೇ ಇತ್ತು.

ಅಲ್ಲಿಗೆ ನಿಂತಿದ್ದರೆ ಅದು ನಮ್ಮ ಹಳೆಯ ರೂಢಿ. ಆದರೆ ಕೈಯಲ್ಲಿ ರಿಮೋಟು ಇತ್ತಲ್ಲ. ಟಾಕೀಸಿನಲ್ಲಿ ಮುಖ ಬರುತ್ತದೆ, ಹೋಗುತ್ತದೆ, ಯಾರೂ ಅದರ ಜುಟ್ಟು ಹಿಡಿದು ನಿಲ್ಲಿಸಲಾರರು. ಜವರಣ್ಣ ಚಿತ್ರ ಹಿಂದಕ್ಕೆ ಓಡಿಸಿ, ಅಳು ಉಕ್ಕುವ ಕ್ಷಣಕ್ಕೆ ಸರಿಯಾಗಿ ನಿಲ್ಲಿಸಿದ. ಅರ್ಧ ತೆರೆದ ಬಾಯಿ, ಅರ್ಧ ಮುಚ್ಚಿದ ಕಣ್ಣು, ಚೌಕ ಚೌಕವಾಗಿ ಒಡೆದ ಕೆನ್ನೆ. ಯಾರ ಅಳುವನ್ನು ಅಲ್ಲಿ ನಿಲ್ಲಿಸಿದರೂ ಹಾಗೆಯೇ ಕಾಣುತ್ತಿತ್ತು.

"ನೋಡ್ರಪ್ಪ, ಸೀನು ಬರ್ದೇ ಒದ್ದಾಡ್ತಾವ್ಳೆ!"

ಇಡೀ ಹಾಲ್ ನಗೆಯಲ್ಲಿ ಕುಲುಕಾಡಿತು. "ಇನ್ನೊಂದ್ ದಪ ಆಕ್ಲಾ ಜವ್ರ!" ಹಾಕಿದ. ಮುಂದಕ್ಕೆ, ಹಿಂದಕ್ಕೆ. ಕುಸುಮಕ್ಕ ಬಟ್ಟೆ ಹೊದಿಸುವುದು, ಕಿತ್ತುಕೊಳ್ಳುವುದು, ಹೊದಿಸುವುದು, ಕಿತ್ತುಕೊಳ್ಳುವುದು. "ಎಣಕ್ಕೆ ಸೆಕೆ ಆಯ್ತದೆ ಅಂತ ಬೀಸ್ತಾವ್ಳೆ ಕಣ್ಲಾ!" ದೃಷ್ಟಿ ತೆಗೆಯುವುದು ಎಲ್ಲಿ ಮುಗಿಯಿತು, ಮೋಜು ಎಲ್ಲಿ ಶುರುವಾಯಿತು ಎಂದು ಆ ಕತ್ತಲಲ್ಲಿ ಯಾರಿಗೂ ತಿಳಿಯಲಿಲ್ಲ. ನಗು ರುಚಿ ಹತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟಗಳ ತಟ್ಟೆ ಹಿಡಿದು ಕುಸುಮಕ್ಕ ನಿಂತಿದ್ದಳು. ಅವಳೂ ನಗುತ್ತಿದ್ದಳು. ಕಾಫಿಯನ್ನು ಯಾರಿಗೂ ಕೊಡದೆ ತಟ್ಟೆಯನ್ನು ಹಾಗೆಯೇ ಒಳಗೆ ಒಯ್ದಳು.

ಪುಟ್ಟಸ್ವಾಮಿ ಮಾವ ನಗಲಿಲ್ಲ. ಎದ್ದು ಕಿಟಕಿಯ ಹೊದಿಕೆ ಬಿಚ್ಚಿದರು. "ಆಯ್ತಲ್ಲ. ಬೀದಿಯೇ ಏಳ್ಬುಡ್ತು, ನಂದೇನದೆ?" ಎಂದರು, ಅದೇ ಮೆಲುದನಿಯಲ್ಲಿ.

ಒಮ್ಮೆಲೇ ಬಿದ್ದ ಬೆಳಕಿಗೆ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡರು. "ಅಯ್ಯೋ ಪುಟ್ಸಾಮಿ, ನಾವು ಅಂಗಲ್ಲ ಕಣಪ್ಪ..." ಎಂದು ಅಜ್ಜಿ ಬಾಯಿ ತೆರೆದಳು. ಮುಂದಿನ ಮಾತು ಹೊಗಳಿಕೆಯಾಗಬೇಕಿತ್ತು, ಆ ಅಭ್ಯಾಸ ಅವಳ ನಾಲಿಗೆಗೆ ಇರಲಿಲ್ಲ. ಜವರಣ್ಣ ರಿಮೋಟಿನ ಗುಂಡಿಗಳನ್ನು ನೋಡುತ್ತ ಕೂತ. ಒಬ್ಬೊಬ್ಬರೇ ಸೆರಗು ಕೊಡವಿ ಎದ್ದರು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಬೇರೆಯೇ ಮಾತು. "ಎಂಗ್ ಅತ್ಲವ್ವ! ನನ್ ಕರ್ಳು ಕಿತ್ಬಂತು" ಎಂದಳು ಸಾಕಮ್ಮ. ಅಜ್ಜಿ ಕೊಡ ಅಲ್ಲೇ ಬಿಟ್ಟು ಎದುರು ಮನೆಗೆ ಹೋದಳು. ಪುಟ್ಟಸ್ವಾಮಿ ಮಾವ ಮೊದಲ ಬಸ್ಸಿಗೇ ಮಳವಳ್ಳಿಗೆ ಹೊರಟು ಹೋಗಿದ್ದರು. ಅವರೂ ಆ ಬೀದಿಯಲ್ಲೇ ಹುಟ್ಟಿದವರು, ಮಗಳು ತೊಟ್ಟಿಲಲ್ಲಿದ್ದಾಗ ಅವಳನ್ನು ಕೋತಿ ಎಂದು ಕರೆದವರು. ನಮ್ಮ ಬೈಗುಳದ ಅರ್ಥ ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೇ ಬೀದಿಯನ್ನು ಕೇಳಿದ್ದರು. ಮಗಳ ಕಾಲು ಕಟ್ಟಲು ಸ್ವಂತ ಕೈ ಕೊಳೆ ಮಾಡಿಕೊಳ್ಳಲಿಲ್ಲ, ಅಷ್ಟೆ.

ಈಗ ನಾನು ಮಂಡ್ಯದಲ್ಲಿದ್ದೇನೆ. ಸಿನಿಮಾ ಬಿಡುಗಡೆಯಾದ ಮಧ್ಯಾಹ್ನವೇ ಮಗಳು ಫೋನಿನಲ್ಲಿ ವಿಮರ್ಶೆ ಓದುತ್ತಾಳೆ, ಯಾರೋ ಕಾಣದವರು ಕೊಟ್ಟ ಸ್ಟಾರ್ ಎಣಿಸುತ್ತಾಳೆ. ಟಾಕೀಸಿಗೆ ಹೋಗದಿದ್ದರೆ ಮನೆಗೇ ಬರುತ್ತದೆ. ಬೈಯುವವರಿಗೂ ಬರವಿಲ್ಲ, ಹೊಗಳುವವರಿಗೂ ಬರವಿಲ್ಲ.

ಕುಸುಮಕ್ಕನ ಆ ಸಿನಿಮಾವನ್ನು ಯಾರೋ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಕೆಳಗೆ ಒಬ್ಬರು ಬರೆದಿದ್ದರು: 'ಹೆಣದ ಕಾಲಿಗೆ ಬಟ್ಟೆ ಹೊದಿಸುವ ಹುಡುಗಿ ಯಾರು? ಈಕೆ ಬೇರೆ ಯಾವ ಸಿನಿಮಾಗಳಲ್ಲಿ ಇದ್ದಾರೆ?'

ಹೋದ ತಿಂಗಳು ಮಳವಳ್ಳಿಗೆ ಹೋದಾಗ ಅದನ್ನು ತೋರಿಸಿದೆ. ಅವರೆಕಾಯಿ ಸುಲಿಯುತ್ತಿದ್ದ ಕುಸುಮಕ್ಕ ಕೈ ಒರೆಸಿಕೊಂಡು ಫೋನು ಇಸಿದುಕೊಂಡಳು. ಆ ಸಾಲನ್ನು ತುಟಿ ಅಲುಗಿಸುತ್ತ ಓದಿದಳು. ಸಿನಿಮಾ ನೋಡಲು ಗುಂಡಿ ಒತ್ತಲಿಲ್ಲ.

"ಏನಂತ ಬರೆಯಲಿ ಅಕ್ಕ?"

"ಸತ್ತೋದ್ಲು ಅಂತ ಬರ್ದಾಕು ಅತ್ಲಾಗೆ" ಎಂದು ಮತ್ತೆ ಕಾಯಿಗೆ ಕೈ ಹಾಕಿದಳು.

ನಾನು ಬರೆಯಲಿಲ್ಲ. ಆ ಪ್ರಶ್ನೆ ಇನ್ನೂ ಅಲ್ಲೇ ಇದೆ, ಕೆಳಗೆ ಯಾರ ಉತ್ತರವೂ ಇಲ್ಲದೆ.