ಒಂದ ಗ್ಲಾಸು, ನಾಕು ಚಮಚ

ಮೊನ್ನೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ತೆಗೆದಿರೋ ಐಸ್‌ಕ್ರೀಮ್ ಅಂಗಡಿ ಮುಂದ ಹಾದು ಹೊಂಟಿದ್ದೆ. ಗುಲಾಬಿ ಶರಬತ್ತಿನ ವಾಸನಿ ಗಪ್ಪಂತ ಮೂಗಿಗೆ ಬಡೀತು. ಕೈಯಾಗ ಮೆಂತೆ ಪಲ್ಲ್ಯೆದ ಚೀಲ, ಮನ್ಯಾಗ ಇನ್ನೂ ಹಿಟ್ಟು ನಾದೋದಿತ್ತು... ಆದರೂ ಕಾಲು ಮುಂದಕ್ಕ ಹೋಗಲಿಲ್ಲ. ರಾಮದುರ್ಗದ ಅಕ್ಕೋರು ನೆನಪಾದ್ರು.

ಎಂಟು-ಹತ್ತು ವರ್ಷದ ಹಿಂದಿನ ಮಾತು. ಹೈಸ್ಕೂಲಿನ ಕನ್ನಡ ಶಿಕ್ಷಕರಿಗೆ ಬೆಂಗಳೂರಾಗ ಹತ್ತು ದಿನದ ತರಬೇತಿ ಇತ್ತು. ನಮ್ಮ ಕಡಿಂದ ಹೋದ ನಾಕು ಮಂದಿ ಹೆಣ್ಮಕ್ಕಳಿಗೆ ಒಂದ ಖೋಲಿ ಕೊಟ್ಟಿದ್ರು. ಕಿತ್ತೂರಿನಾಕಿ ಒಬ್ಬಾಕಿ, ಸವದತ್ತಿಯಾಕಿ ಒಬ್ಬಾಕಿ, ಬೈಲಹೊಂಗಲದ ನಾನು, ಮತ್ತ ರಾಮದುರ್ಗದ ಅಕ್ಕೋರು. ಎರಡನೇ ದಿನಕ್ಕ ಹೆಸರು ಬಿಟ್ಟು ಊರಿನ ಹೆಸರಲೇ ಕರಿಯೋದು ಶುರುವಾತು. "ಏ ಕಿತ್ತೂರ, ಲಗೂನ ಏಳ, ನೀರು ನಿಲ್ತಾವು!" ಹಿಂಗ. ರಾಮದುರ್ಗದವರಿಗೆ ಮಾತ್ರ ಅಕ್ಕೋರ ಅಂತಿದ್ವಿ. ನಮಗಿಂತ ಹದಿನೈದು ವರ್ಷಕ್ಕ ಹಿರ್ಯಾರು, ರಿಟೈರಾಗಲಿಕ್ಕೆ ಬಂದವರು.

ತರಬೇತಿಯವರು ಕೊಡೋ ಊಟದಾಗ ಸಾರು ಅಂದ್ರ ಬರೇ ನೀರು, ರೊಟ್ಟಿ ಅಂತೂ ದೇವರಾಣಿ ಇಲ್ಲ. ಮೂರನೇ ದಿನದಿಂದ ಸಂಜಿಗೆ ಹೊರಗ ಬೀಳಲಿಕ್ಕೆ ಹತ್ತಿದ್ವಿ, ದಿನಕ್ಕೊಂದು ಹೋಟೆಲ್ಲು. ಮನಿ ಇಲ್ಲ, ಮಕ್ಕಳಿಲ್ಲ, "ಎಲ್ಲಿಗೆ ಹೊಂಟಿ" ಅಂತ ಕೇಳೋರಿಲ್ಲ. ಆಹಾ, ಏನ್ ಸುಖರೀ ಅದು! ನಿಂತು ತಿನ್ನೋ ದರ್ಶಿನಿಗೆ ಹೋದ್ರ ಅಕ್ಕೋರು, "ನಿಂತು ಉಣ್ಣಾಕ ನಾವೇನ್ ದನಗೋಳೇನ್ರೇ?" ಅಂತ ಬಾಗಲ ಮುಂದಿನ ಮೆಟ್ಟಲ ಮ್ಯಾಲೆ ಕುಂತ ಬಿಟ್ರು. ಚೈನೀಸ್ ಹೋಟೆಲಿನ್ಯಾಗ ನೂಡಲ್ಸ್ ನೋಡಿ, "ಶಾವಿಗಿಗೆ ಬೆಲ್ಲಾ ಹಾಕೋದು ಬಿಟ್ಟು ಮೆಣಸಿನಕಾಯಿ ಹಾಕ್ಯಾರಲ್ಲ, ತಲಿ ಕೆಟ್ಟೈತೇನು ಇವರಿಗೆ?" ಅಂದ್ರು. ಆಂಧ್ರದ ಊಟಕ್ಕ ನಾವು ಮೂಗೊರಸಕೋತ ಕುಂತಾಗ ಅವರು ಮಾತ್ರ ಬ್ಯಾಗಿನಿಂದ ಶೇಂಗಾ ಚಟ್ನಿ ಡಬ್ಬಿ ತೆಗೆದು ಮ್ಯಾಲೆ ಉದುರಿಸಿಕೊಂಡ್ರು.

ನಮ್ಮದೊಂದು ಪದ್ಧತಿ ಇತ್ತು. ಏನು ಬಂದ್ರೂ ಟೇಬಲ್ಲಿನ ನಡುವ ಇಡೋದು, ನಾಕೂ ಮಂದಿ ಕೈ ಹಾಕೋದು. ಎಂಜಲಾ ಗಿಂಜಲಾ ಅನ್ನೋ ಮಾತ ಇಲ್ಲ. ತಾಟಿಗೆ ಕೈ ಹಾಕಲಿಕ್ಕೆ ಬಿಡದವರು ಎಂಥಾ ಗೆಳತ್ಯಾರು? ನಾಕು ಮಂದಿ ಅಂದ್ರ ನಾಕು ನಮೂನಿ ಬರಬೇಕು, ಆದ್ರ ದಿನಾ ಮೂರ ಬರತಿದ್ದವು. ಅಕ್ಕೋರು ಏನೂ ಹೇಳತಿರಲಿಲ್ಲ. "ನಿಮಗ ಯಾವ್ದು ಸೇರ್ತದ ಅದ ನನಗೂ ಸೇರ್ತದ" ಅನ್ನೋರು. ಸವದತ್ತಿಗೆ ಹುಳಿ ಆಗೂದಿಲ್ಲ, ನನಗ ಉಪ್ಪು ಒಂದು ಚೂರು ಮುಂದ ಬೇಕು, ಇದೆಲ್ಲಾ ಎರಡ ದಿನದಾಗ ಅವರಿಗೆ ಗೊತ್ತಾಗಿತ್ತು.

ಆರನೇ ದಿನ ನನಗ ಸಿಟ್ಟ ಬಂತು. ನಂದು ಮೊದಲ ಮೂಗಿನ ತುದಿ ಸಿಟ್ಟು.

"ಅಕ್ಕೋರ, ನಿಮ್ಮ ಬಾಯಿಗೆ ಏನು ಬೇಕು ಅದನ್ನ ಹೇಳ್ರಲಾ!"

ಅವರು ಮೆನು ಕಾರ್ಡಿನ ಒಂದೊಂದ ಸಾಲಿಗೂ ಬೆರಳಿಟ್ಟು ಓದಿದ್ರು. ಆಮ್ಯಾಲೆ ಮೆಲ್ಲಕ ಅಂದ್ರು, "ಏನ್ ಹೇಳ್ಲೆವ್ವಾ... ನನಗ ಗೊತ್ತಿಲ್ಲ. ಮದುವ್ಯಾದಾಗಿಂದ ಹದಿನಾಕು ಮಂದಿಗೆ ನೀಡಿ, ತಳಾ ಬಳದು ಉಂಡಾಕಿ ನಾನು. ನಿನಗೇನು ಸೇರ್ತದ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಕೊಳ್ಳಲಿಲ್ಲ."

ಅವತ್ತು ಖೋಲಿಗೆ ಬಂದ ಮ್ಯಾಲೆ ಮೂರೂ ಮಂದಿ ಹಟಾ ಹಿಡಿದ್ವಿ. ಊರಿಗೆ ಹೋಗೋದ್ರೊಳಗ ಅಕ್ಕೋರು ತಮ್ಮ ಸಲುವಾಗಿ ಒಂದರೆ ತಿನಿಸು ಹೇಳಬೇಕು. ದಿನಾ ಕಾರ್ಡು ಅವರ ಮುಂದ ಸರಸ್ತಿದ್ವಿ, ಅವರು ನಕ್ಕು ತಿರುಗಿ ನಮ್ಮ ಕಡೆ ಸರಸ್ತಿದ್ರು. ಏಳಾತು, ಎಂಟಾತು, ಒಂಬತ್ತೂ ಆತು.

ಹತ್ತನೇ ದಿನ ರೈಲಿಗೆ ಹೋಗೋ ಮುಂದ ಒಂದು ದೊಡ್ಡ ಹೋಟೆಲಿಗೆ ಹೋದ್ವಿ. ಬಾಜೂ ಟೇಬಲ್ಲಿನ್ಯಾಗ ಒಬ್ಬ ಹುಡುಗಿ ಒಬ್ಬಾಕೀನ ಕುಂತು ಉದ್ದನ ಗ್ಲಾಸಿನ್ಯಾಗ ಫಲೂದಾ ತಿನ್ನಲಿಕ್ಕೆ ಹತ್ತಿದ್ಲು. ಅಕ್ಕೋರ ಕಣ್ಣು ಅಲ್ಲೇ ನಟ್ಟಿತ್ತು.

"ಬೈಲಹೊಂಗಲ, ಆ ಹುಡುಗಿ ನೋಡ. ಯಾರಿಗೂ ಕಾಯವಲ್ಲಳು, ಯಾರಿಗೂ ನೀಡವಲ್ಲಳು. ಎಷ್ಟ ಸಾವಕಾಶ ತಿನ್ನಾಕ ಹತ್ಯಾಳ..."

ವೇಟರ್ ಬಂದ. ನಾವು ಬಾಯಿ ತೆಗಿಯೋದ್ರೊಳಗ ಅಕ್ಕೋರು ಆ ಟೇಬಲ್ಲಿನ ಕಡೆ ಬೆರಳು ಮಾಡಿ, "ನನಗ ಅದನ್ನ ಕೊಡ್ರಿ" ಅಂದ್ರು. ನಾವು ಚಪ್ಪಾಳಿ ಹೊಡೆದದ್ದಕ್ಕ ಹೋಟೆಲ್ಲಿನ ಮಂದಿ ಎಲ್ಲಾ ತಿರುಗಿ ನೋಡಿದ್ರು.

ತಳದಾಗ ಕೆಂಪು ಶರಬತ್ತು, ಅದರ ಮ್ಯಾಲೆ ಶಾವಿಗಿ, ಕಾಮಕಸ್ತೂರಿ ಬೀಜ, ಹಾಲು, ತುದಿಗೆ ಐಸ್‌ಕ್ರೀಮು. ಅಕ್ಕೋರು ಒಂದು ಚಮಚ ಬಾಯಾಗ ಇಟ್ಟುಕೊಂಡು ಕಣ್ಣು ಮುಚ್ಚಿದ್ರು.

"ಇದು... ಇದು ನನಗ ಸೇರ್ತದ ನೋಡ್ರೆವಾ."

ನನಗ ಖುಷಿ ತಡಿಯಲಿಲ್ಲ. ಹುಚ್ಚಖೋಡಿ ನಾನು, ಕೈ ಎತ್ತಿ ಕೂಗಿದೆ, "ಇನ್ನ ಮೂರು ಚಮಚ ತರ್ರಿ!" ಗ್ಲಾಸು ನಡುವ ಬಂತು. ಒಂದ ಗ್ಲಾಸಿಗೆ ನಾಕು ಚಮಚ. ಅಕ್ಕೋರು ಎರಡನೇ ಸಲ ಚಮಚ ಎತ್ತೋದ್ರಾಗ ಬರೇ ತಳಾ ಉಳಿದಿತ್ತು. ಗ್ಲಾಸು ಓರಿ ಮಾಡಿ, ಅದನ್ನ ಬಳದು ತಿಂದು, ನಮ್ಮ ಜೋಡಿ ಅವರೂ ನಕ್ಕರು. ರೈಲಿನ ಹೊತ್ತಾಗಿತ್ತು, ಎದ್ದು ಬಂದ್ವಿ.

ರೈಲಿನ್ಯಾಗ ಕಿಡಕಿ ಕಡೆ ಕುಂತಿದ್ರು. ತುಮಕೂರು ದಾಟಿದ ಮ್ಯಾಲೆ ನನ್ನ ಮೊಣಕೈ ಮುಟ್ಟಿ ಅಂದ್ರು, "ಬೈಲಹೊಂಗಲ, ಮುಂದಿನ ಸಲ ಎರಡು ಹೇಳೂಣು ಹಾಂ. ಒಂದು ನಮಗ, ಒಂದು ನನಗ."

ನಕ್ಕೋತನ ಅಂದ್ರು. ನನಗ ಮಾತ್ರ ನಾ ಕೂಗಿ ತರಿಸಿದ ಮೂರು ಚಮಚ ನೆನಪಾದ್ವು. "ಆತ್ರೀ ಅಕ್ಕೋರ, ಬ್ಯಾಸಗಿ ಸೂಟ್ಯಾಗ ಬೆಳಗಾವಿಗೆ ಹೋಗೂಣು" ಅಂದೆ. ಸೂಟಿ ಬಂದ್ವು, ಹೋದ್ವು... ಒಂದು ಸಲ ನನ್ನ ಮಗಳ ಪರೀಕ್ಷಾ, ಒಂದು ಸಲ ಅವರ ಮನ್ಯಾಗ ಬಾಣಂತನ. ರಾಮದುರ್ಗ ಏನು ದೂರಾ? ಎರಡು ತಾಸಿನ ಹಾದಿ. ಹೋಗಲಿಲ್ಲ ನಾನು.

ಒಂದು ಮುಂಜಾನೆ ಸವದತ್ತಿಯಾಕಿ ಫೋನ್ ಮಾಡಿ, "ಅಕ್ಕೋರು ಹೋದ್ರಂತ" ಅಂದ್ಲು.

ದಿನಕರ್ಮದ ಹಿಂದಿನ ದಿನ ಅವರ ಮನಿಗೆ ಹೋದೆ. ಹೋದವರಿಗೆ ಏನು ಸೇರತಿತ್ತೋ ಅದನ್ನ ಮಾಡಿ ಎಡಿ ಇಡೋದು ನಮ್ಮ ಕಡೆ ರೂಢಿ. ಸೊಸಿ ಪಾಪ, ಮಾವನ್ನ ಕೇಳಿದ್ಲು. "ಏನ್ ಮಾಡಿದ್ರೂ ಉಣತಿದ್ಲು" ಅಂದ್ರು. ಗಂಡನ್ನ ಕೇಳಿದ್ಲು. ಅವನೂ ಹಂಗ ಅಂದ. ಕಡೀಕ ನನ್ನ ಹತ್ತಿರ ಬಂದ್ಲು.

"ನಿಮಗರೆ ಗೊತ್ತದ ಏನ್ರಿ, ನಮ್ಮ ಅತ್ತಿಯವರಿಗೆ ಏನು ಸೇರತಿತ್ತು?"

ಗೊತ್ತಿತ್ತು. ಆದ್ರ ಆ ವಿಭೂತಿ ವಾಸನಿಯೊಳಗ, ಅಳೋ ಮಂದಿ ನಡುವ, ಫಲೂದಾ ಅಂತ ಹೆಂಗ ಹೇಳ್ಲಿ? ಮಂದಿ ಏನಂದಾರು?

"ಹೋಳಿಗಿ ಮಾಡ್ರೆವಾ" ಅಂದೆ.

ಆಕಿ ಕಣ್ಣೊರಸಿಕೊಂಡು ಕಡ್ಲಿಬ್ಯಾಳಿ ಅಳ್ಯಾಕ ಹೋದ್ಲು. ಜನ್ಮಾ ಎಲ್ಲಾ ಮಂದಿಗೆ ಹೋಳಿಗಿ ಲಟ್ಟಿಸಿದಾಕಿಗೆ, ಸತ್ತ ಮ್ಯಾಲೂ ಮಂದಿಗೆ ಸೇರೋ ಹೋಳಿಗೀನ ಇಡಿಸಿದೆ ನಾನು. ಇದೊಂದು ಮಾತು ಕಿತ್ತೂರಿಗೂ ಸವದತ್ತಿಗೂ ನಾ ಇನ್ನೂ ಹೇಳಿಲ್ಲ.

ಮೊನ್ನೆ ಆ ಅಂಗಡಿಯೊಳಗ ಹೋಗಿ ಕುಂತೆ. ಪಲ್ಲ್ಯೆದ ಚೀಲ ಕೆಳಗಿಟ್ಟು, "ಎರಡು ಫಲೂದಾ ಕೊಡ್ರಿ" ಅಂದೆ. ಅಂಗಡಿಯಾಕಿ ತಂದು ಇಟ್ಟು, ಖಾಲಿ ಕುರ್ಚಿ ನೋಡಿ, "ಮತ್ತೊಬ್ರು ಬರೋರದಾರೇನ್ರಿ?" ಅಂತ ಕೇಳಿದ್ಲು.

"ಬರಬೇಕಿತ್ತು" ಅಂದೆ.

ನನ್ನದು ನಾ ತಿಂದೆ. ಎದುರಿಗಿದ್ದ ಗ್ಲಾಸಿನ ಐಸ್‌ಕ್ರೀಮು ಸಾವಕಾಶ ಕರಗಿ, ಹಾಲೆಲ್ಲಾ ಗುಲಾಬಿ ಆತು. ಕೈಗೆ ಅಂಟಿದ ಚಟಾ ಬಿಡ್ತದೇನು, ಒಂದು ಸಲ ನನ್ನ ಚಮಚ ಆ ಕಡೆ ಹೋತು. ಹಿಂದಕ್ಕ ತಗೊಂಡೆ. ಅದು ಅಕ್ಕೋರದು.